ಯಾರೂ ಮನೆ ಕೊಳ್ಳದ ತಿಂಗಳಲ್ಲಿ

ಅವಳ ಚಪ್ಪಲಿಯ ಕೆಳಗೆ ಏನೋ ಮೆತ್ತಗಾಯಿತು. ಮರುಕ್ಷಣವೇ ಆ ಮೆತ್ತಗಿನದು ಮಾತಾಡಿತು.

"ಅದು ನನ್ನ ಬೆರಳು. ಸ್ವಲ್ಪ ಕಾಲು ತೆಗೀತೀರಾ?"

ಅವಳು ಹೌಹಾರಿ ಹಿಂದಕ್ಕೆ ಸರಿದಳು. ಮಧ್ಯಾಹ್ನ ಮೂರು ಗಂಟೆ. ಆದರೂ ಮಳೆಮೋಡಕ್ಕೆ ಆ ಖಾಲಿ ಮನೆಯೊಳಗೆ ಮಬ್ಬುಗತ್ತಲು. ಗೋಡೆಯ ಬುಡದಲ್ಲಿ ಒಬ್ಬ ಗಂಡಸು ಬೋರಲು ಮಲಗಿ ನೆಲಕ್ಕೆ ಕಿವಿ ಹಚ್ಚಿದ್ದ. ತುಳಿಸಿಕೊಂಡ ಕೈಯನ್ನು ಎಳೆದುಕೊಂಡನೇ ಹೊರತು ಮೇಲೇಳಲಿಲ್ಲ.

"ಏನ್ ಮಾಡ್ತಿದ್ದೀರಿ ಇಲ್ಲಿ?"

"ಕೇಳಿಸ್ಕೋತಿದ್ದೀನಿ. ಕೆಳಗಡೆ ಪೈಪು ಒಡೆದಿದೆ. ನೀವು ಹೆಜ್ಜೆ ಇಡದಿದ್ರೆ ಇನ್ನೂ ಚೆನ್ನಾಗಿ ಕೇಳುತ್ತೆ."

ಅಬ್ಬಾ, ಇವನ ಸೊಕ್ಕೇ... ಅಂದುಕೊಂಡಳು. ಆದರೂ ಯಾಕೋ, ಎತ್ತಿದ ಕಾಲನ್ನು ಹಾಗೇ ಎತ್ತಿ ಹಿಡಿದು ನಿಂತಳು. ಅರ್ಧ ನಿಮಿಷ. ಅವನು ತಲೆ ಎತ್ತಿ ನೋಡಿದ. ಒಂಟಿ ಕಾಲಿನ ಅವಳನ್ನು ಕಂಡು ಅವನ ಮುಖದ ಬಿಗಿ ಸಡಿಲಾಯಿತು.

"ಇಳಿಸಿ, ಪರವಾಗಿಲ್ಲ. ಮುಗೀತು."

ಬಾಗಿಲ ಬಳಿ ನಿಂತಿದ್ದ ಬ್ರೋಕರ್ ಮಾತ್ರ ಹಣೆ ಚಚ್ಚಿಕೊಂಡ. ಅವನ ಮಾತು ಕೇಳಿದವರೆಲ್ಲ ಅವನನ್ನು 'ಸಕ್ಕರೆ' ಅಂತಲೇ ಕರೆಯುತ್ತಿದ್ದರು. ಇಲ್ಲಿಯವರೆಗೆ ಅವಳಿಗೆ ಈ ಮನೆಯ ಗಾಳಿ, ಬೆಳಕು, ನೆರೆಹೊರೆ ಎಲ್ಲವನ್ನೂ ಸಕ್ಕರೆಯಲ್ಲಿ ಅದ್ದಿ ತಿನ್ನಿಸಿದ್ದ. ಒಡೆದ ಪೈಪಿನ ಸುದ್ದಿ ಎತ್ತಿರಲಿಲ್ಲ.

ನೆಲದಿಂದ ಎದ್ದವನಿಗೂ ಒಂದು ಅಡ್ಡಹೆಸರಿತ್ತು. ಬ್ರೋಕರುಗಳೆಲ್ಲ ಸೇರಿ ಇಟ್ಟದ್ದು: ಅಪಶಕುನ. ಮನೆ ಕೊಳ್ಳುವವರು ಅವನನ್ನು ಕರೆಸಿ ಗೋಡೆ, ನೆಲ, ಚಾವಣಿ ತೋರಿಸುತ್ತಿದ್ದರು. ಅವನು ತಟ್ಟಿ, ಮುಟ್ಟಿ, ಮೂಸಿ, ಎಲ್ಲಿ ತೇವ, ಎಲ್ಲಿ ಬಿರುಕು, ಎಲ್ಲಿ ಮೋಸ ಅಂತ ಹೇಳುತ್ತಿದ್ದ. ಹದಿನಾಲ್ಕನೇ ವಯಸ್ಸಿಗೆ ಸ್ಕೂಲು ಬಿಟ್ಟು ಗಾರೆ ಕಲಸಿದವನು. ಪುಸ್ತಕ ಓದಲು ಬೇಸರ, ಗೋಡೆ ಓದುವುದರಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ಅವನು ಕಾಲಿಟ್ಟ ಮನೆಯ ಬೆಲೆ ಸಂಜೆಯೊಳಗೆ ಇಳಿಯುತ್ತಿತ್ತು. ಬ್ರೋಕರುಗಳಿಗೆ ಹೊಟ್ಟೆ ಉರಿಯದೆ ಇನ್ನೇನು?

ಆ ದಿನ ಅವನನ್ನು ಕರೆಸಿದ್ದ ಗಿರಾಕಿ ಮಳೆಗೆ ಹೆದರಿ ಬಂದೇ ಇರಲಿಲ್ಲ. ಬಂದದ್ದು ಅವಳು.

ಅವಳು ಹಲ್ಲು ಮಾಡುವವಳು. ಡಾಕ್ಟರಲ್ಲ, ಡಾಕ್ಟರು ಕಳಿಸಿದ ಅಚ್ಚು ನೋಡಿ ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸ. ಮೂವತ್ತಮೂರು ವಯಸ್ಸು. ಮನೆಯಲ್ಲಿ ಅವಳು ಮತ್ತು ಅಮ್ಮ. ನಾಲ್ಕನೇ ಮಹಡಿ, ಲಿಫ್ಟಿಲ್ಲ. ಅಮ್ಮನ ಮೊಣಕಾಲು ಸವೆದು ಹೋಗಿತ್ತು. ಎಂಟು ತಿಂಗಳಿಂದ ಆ ಹೆಂಗಸು ಬೀದಿಗೆ ಇಳಿದಿರಲಿಲ್ಲ. ಕಿಟಕಿಯಲ್ಲಿ ಕೂತು ಕೆಳಗಿನ ಬೀದಿ ನೋಡುವುದೇ ಓಡಾಟ.

ಲಿಫ್ಟಿಗೆ ಬಿಟ್ಟಿದ್ದ ಜಾಗದಲ್ಲಿ ಒಂದೊಂದು ಬಾಡಿಗೆ ರೂಮು ಎಬ್ಬಿಸಿದ ಆ ಕಟ್ಟಡದ ಮಾಲೀಕ ಮಾತ್ರ ನೆಲಮಹಡಿಯಲ್ಲಿ ಕಾಲು ಚಾಚಿಕೊಂಡು ಆರಾಮಾಗಿದ್ದ. ಇಂಥವರ ಮೊಣಕಾಲು ಯಾಕೆ ಸವೆಯುವುದಿಲ್ಲವೋ!

ದಿನಾ ಸಮನೆಲದಲ್ಲಿ ನಡೆಸದಿದ್ದರೆ ಇನ್ನಾರು ತಿಂಗಳಲ್ಲಿ ಕಾಲು ಪೂರ್ತಿ ಕೈಕೊಡುತ್ತದೆ ಅಂತ ಡಾಕ್ಟರು ಹೇಳಿಬಿಟ್ಟಿದ್ದರು. ಅವಳಿಗೆ ಬೇಕಾದದ್ದು ಅರಮನೆಯಲ್ಲ. ಮೆಟ್ಟಿಲಿಲ್ಲದ ಒಂದು ಬಾಗಿಲು.

ಚಿಕ್ಕಪ್ಪ ಫೋನಿನಲ್ಲಿ ಬುದ್ಧಿ ಹೇಳಿದ್ದ: ಮಳೆಗಾಲದಲ್ಲಿ ಯಾರಾದರೂ ಮನೆ ಕೊಳ್ಳುತ್ತಾರಾ, ಬೇಸಿಗೆ ಬರಲಿ, ಆಗ ನೂರಾರು ಮನೆ ಬರುತ್ತವೆ. ಅವಳು ಅದನ್ನೇ ಅಪಶಕುನನ ಮುಂದೆ ಒಪ್ಪಿಸಿದಳು. ಇಬ್ಬರೂ ಪೋರ್ಟಿಕೋದಲ್ಲಿ ಮಳೆ ನಿಲ್ಲಲಿ ಅಂತ ಕಾಯುತ್ತಿದ್ದರು.

"ನೂರು ಮನೆ ಬರ್ತವೆ, ಸಾವಿರ ಜನಾನೂ ಬರ್ತಾರೆ," ಅಂದ ಅವನು. "ಒಂದು ಮನೆಗೆ ಹತ್ತು ಜನ ಕಿತ್ತಾಡ್ತಾರೆ, ಮಾಲೀಕ ಕಾಲ ಮೇಲೆ ಕಾಲು ಹಾಕ್ಕೊಂಡು ಕೂತ್ಕೋತಾನೆ. ಈಗ ನೋಡಿ, ಬೀದೀಲಿ ನೀವೊಬ್ರೇ. ಈಗ ಮಾರೋನು ಆಸೆಗೆ ಮಾರಲ್ಲ, ಅಗತ್ಯಕ್ಕೆ ಮಾರ್ತಾನೆ. ಅವನು ನಿಮ್ಮ ಮಾತು ಕೇಳ್ತಾನೆ."

"ಮನೆ ಚೆನ್ನಾಗಿದೆಯೋ ಇಲ್ವೋ ಈ ಮಳೇಲಿ ಹೇಗೆ ನೋಡೋದು?"

"ಮಳೇಲೇ ನೋಡೋದು. ಬೇಸಿಗೇಲಿ ನೋಡಿದ್ದು ಮನೆಯ ಫೋಟೋ. ಮಳೇಲಿ ನೋಡಿದ್ದೇ ಮನೆ."

ಅವಳಿಗೆ ಥಟ್ಟನೆ ನಗು ಬಂತು. ಎಷ್ಟೋ ವಾರಗಳ ಮೇಲೆ ಬಂದ ನಗು...

ನಿಮ್ಮ ಫೀಸೆಷ್ಟು ಅಂತ ಕೇಳಿದಳು. ಬೆರಳು ತುಳಿಯದಿದ್ದರೆ ಕಡಿಮೆ ಅಂತ ಅವನು ಹೇಳಿದ.

*

ಆಮೇಲಿನ ಐದು ವಾರ ಇಬ್ಬರೂ ಮನೆ ನೋಡಿದರು.

ಅವನು ಹೇಳಿದ್ದೆಲ್ಲ ನಿಜವಾಗತೊಡಗಿತು. ಬೇರೆ ಗಿರಾಕಿಗಳಿಲ್ಲದ ಸಕ್ಕರೆ ಕರೆದಾಗಲೆಲ್ಲ ಬೀಗದ ಗೊಂಚಲು ಹಿಡಿದು ಓಡಿ ಬರುತ್ತಿದ್ದ. ಒಂದೊಂದು ಮನೆಯಲ್ಲಿ ಒಂದೊಂದು ಗಂಟೆ ನಿಂತರೂ ಹೊರಡಿ ಅನ್ನುವವರಿಲ್ಲ. ಮಳೆಯೇ ಮನೆಗಳ ಬಣ್ಣ ತೊಳೆಯುತ್ತಿತ್ತು. ಹಳದಿ ಗೇಟಿನ ಮನೆಯ ಅಟ್ಟದಲ್ಲಿ ಮೂರು ಬಕೆಟ್ ಇಟ್ಟಿದ್ದರು. ಮೂಲೆಮನೆಯ ಹೊಸ್ತಿಲವರೆಗೆ ಚರಂಡಿ ನೀರು ಬಂದು ನಿಂತಿತ್ತು. ಹೊಸದಾಗಿ ಸುಣ್ಣ ಬಳಿದ ಗೋಡೆಯ ಮೇಲೆ ಅವನು ಅಂಗೈ ಇಟ್ಟು ಕಣ್ಣು ಮುಚ್ಚುತ್ತಿದ್ದ. ಜ್ವರ ನೋಡುವ ಹಾಗೆ.

ಅವಳಿಗೂ ಕಲಿಸಿದ. ಗೋಡೆಗೆ ಗೆಣ್ಣಿನಿಂದ ತಟ್ಟಬೇಕು. 'ಟಕ್' ಅಂದರೆ ಗಟ್ಟಿ, 'ಡಬ್' ಅಂದರೆ ಒಳಗೆ ಪೊಳ್ಳು. ಲ್ಯಾಬಿನಲ್ಲಿ ಅವಳೂ ಹಲ್ಲನ್ನು ತಟ್ಟಿ ನೋಡುತ್ತಿದ್ದಳು. ಹಾಗಂತ ಹೇಳಿದಾಗ ಅವನು ತನ್ನ ಮುಂದಿನ ಹಲ್ಲು ತಟ್ಟಿಕೊಂಡು, ಇದು ಗಟ್ಟಿಯಾ ಅಂತ ಕೇಳಿದ. ಅಲ್ಲಾಡುತ್ತಿದೆ, ಬಾಡಿಗೆದಾರರು ಖಾಲಿ ಮಾಡುವ ಹಂತದಲ್ಲಿದ್ದಾರೆ ಅಂತ ಅವಳು ಹೇಳಿದಳು. ಅವನು ದಾರಿಯುದ್ದಕ್ಕೂ ನಕ್ಕ.

ಇದೆಲ್ಲ ಬರೀ ಮನೆ ನೋಡೋ ಕೆಲಸ... ಅಂತ ಅವಳು ತನಗೆ ತಾನೇ ಹೇಳಿಕೊಂಡಳು. ಹಾಗಾದರೆ ಭಾನುವಾರ ಬೆಳಗ್ಗೆ ಕೈಗೆ ಸಿಕ್ಕ ಕೊಡೆ ಬಿಟ್ಟು, ಇಬ್ಬರಿಗೆ ಸಾಲುವ ದೊಡ್ಡ ಕೊಡೆ ಯಾಕೆ ಹುಡುಕಿದ್ದು?

ಎಂಟನೆಯ ಮನೆ ಪ್ರಿಂಟಿಂಗ್ ಪ್ರೆಸ್ಸಿನ ಹಿಂದಿನ ಬೀದಿಯಲ್ಲಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಕಲ್ಲು ಹಾಸಿದ ಪುಟ್ಟ ಅಂಗಳ. ಬೀದಿಯಿಂದ ಅಂಗಳದವರೆಗೆ ಒಂದೇ ಮಟ್ಟ. ಒಂದು ಮೆಟ್ಟಿಲೂ ಇಲ್ಲ. ಮನೆಯಾಕೆ ಈಜು ಕಲಿಸುವ ಟೀಚರ್, ಐವತ್ತರ ಆಸುಪಾಸು. ಬೇರೆ ಊರಿನಲ್ಲಿ ಕೆಲಸ ಸಿಕ್ಕಿ, ಮುಂದಿನ ತಿಂಗಳು ಹೊರಡುವವರಿದ್ದರು.

ಅವಳು ಅಂಗಳದಲ್ಲಿ ನಿಂತಳು. ಅಮ್ಮ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ನಡೆಯುವುದು ಕಣ್ಣ ಮುಂದೆ ಬಂತು.

ಅಪಶಕುನ ಪಕ್ಕಕ್ಕೆ ಬಂದು ಪಿಸುಗುಟ್ಟಿದ. "ಆ ಕಡೆ ತಿರುಗಿ. ನಿಮ್ಮ ಮುಖ ನೋಡಿದ್ರೆ ಬೆಲೆ ಜಾಸ್ತಿಯಾಗುತ್ತೆ."

"ಮನೆ ಹೇಗಿದೆ?"

"ನಾನು ನೋಡಿದ್ರಲ್ಲೇ ಒಳ್ಳೇದು. ಅದಕ್ಕೇ ಹೇಳ್ತಿರೋದು, ತಿರುಗಿ."

ಹೊರಗೆ ಬಂದ ಮೇಲೆ ಅವನು ಈ ವ್ಯವಹಾರದ ಒಂದು ಪಟ್ಟು ಹೇಳಿಕೊಟ್ಟ. ಅದಕ್ಕೆ 'ತಣ್ಣಗಿಡೋದು' ಅನ್ನುತ್ತಾರೆ. ಬೇಕು ಅನ್ನಬಾರದು, ಬೇಡ ಅನ್ನಬಾರದು. 'ಯೋಚನೆ ಮಾಡ್ತೀವಿ' ಅಂದು ಹದಿನೈದು ದಿನ ಸುಮ್ಮನಿರಬೇಕು. ಫೋನಿಲ್ಲ, ಆ ಬೀದಿಗೆ ಕಾಲಿಡುವ ಹಾಗಿಲ್ಲ. ಬೇರೆ ಗಿರಾಕಿ ಇಲ್ಲದ ಕಾಲದಲ್ಲಿ ಆ ಮೌನವೇ ಬೆಲೆ ಇಳಿಸುತ್ತದೆ.

"ನನಗೂ ಫೋನ್ ಮಾಡಬೇಡಿ," ಅಂದ.

"ನಿಮಗ್ಯಾಕೆ?"

"ಸಕ್ಕರೆ ದಿನಾ ಟೀ ಅಂಗಡೀಲಿ ಸಿಗ್ತಾನೆ. ಆ ಮೇಡಮ್ ಏನಂದ್ರು ಅಂತ ಕೇಳೇ ಕೇಳ್ತಾನೆ. ನನಗೆ ಸುಳ್ಳು ಹೇಳೋಕೆ ಬರಲ್ಲ. ನಿಮ್ಮ ಹತ್ರ ಮಾತಾಡಿ ಹೋದ್ರೆ... ಮುಖದಲ್ಲೇ ಗೊತ್ತಾಗಿಬಿಡುತ್ತೆ."

ಏನು ಗೊತ್ತಾಗುತ್ತೆ? ಕೇಳಬೇಕು ಅನ್ನುವಷ್ಟರಲ್ಲಿ ಬಸ್ಸು ಬಂತು. ಹಾಳು ಬಸ್ಸು. ಬೇರೆ ದಿನ ಅರ್ಧ ಗಂಟೆ ಕಾಯಿಸುತ್ತದೆ.

*

ಮೊದಲ ನಾಲ್ಕು ದಿನ ಹೇಗೋ ಕಳೆದವು.

ಐದನೇ ದಿನ ಅವಳು ಒಬ್ಬನೇ ರೋಗಿಯ ಮೇಲಿನ ಸಾಲಿಗೆ ಎರಡೂ ಎಡಗಡೆಯ ಕೋರೆಹಲ್ಲೇ ಮಾಡಿದಳು. ಪಕ್ಕದ ಮೇಜಿನವಳು ಅದನ್ನು ಬೆಳಕಿಗೆ ಹಿಡಿದು, ಈ ಮನುಷ್ಯ ಒಂದೇ ಕಡೆ ನಗ್ತಾನಾ ಅಂತ ಕೇಳಿದಳು. ಲ್ಯಾಬೆಲ್ಲ ನಕ್ಕಿತು.

ಆರನೇ ದಿನ ಬಾತ್‌ರೂಮಿನ ಗೋಡೆ ತಟ್ಟಿದಳು. ಡಬ್. ಏಳನೇ ದಿನ ಫೋನ್ ತೆಗೆದಳು, ಇಟ್ಟಳು, ತೆಗೆದಳು. ಎಂಟನೇ ದಿನ ಅಮ್ಮ ಕಿಟಕಿಯಿಂದ ಮುಖ ತಿರುಗಿಸದೆ ಹೇಳಿದಳು, "ಕೂತ್ಕೋ ಮಾರಾಯ್ತಿ. ನೀನು ಓಡಾಡೋದು ನೋಡಿ ನನ್ನ ಮೊಣಕಾಲು ನೋಯ್ತಿದೆ."

ಮನೆಯ ಚಿಂತೆಯಾ? ಅವನ ಚಿಂತೆಯಾ? ಎರಡೂ ಹೆಣೆದುಕೊಂಡು ಯಾವ ಎಳೆ ಯಾವುದು ಅಂತಲೇ ತಿಳಿಯದ ಹಾಗಾಗಿತ್ತು. ಒಂಬತ್ತನೇ ದಿನ ಒಂದು ಕೆಟ್ಟ ಯೋಚನೆ ತಲೆಗೆ ಹೊಕ್ಕಿತು. ಅವನು ತಣ್ಣಗಿಡುತ್ತಿರುವುದು ಮನೆಯನ್ನಾ, ನನ್ನನ್ನಾ? ಕೆಲಸ ಮುಗಿಯಿತು, ಫೀಸು ಬಂತು, ಇನ್ನು ಫೋನ್ ಮಾಡಬೇಡ ಅಂತ ಮರ್ಯಾದೆಯಾಗಿ ಹೇಳಿದ್ದೇ ಅದಾಗಿದ್ದರೆ?

ಹನ್ನೊಂದನೇ ದಿನ ಅವಳ ಕೈಲಾಗಲಿಲ್ಲ. ಮಧ್ಯಾಹ್ನದ ರಜೆ ಹಾಕಿ ಪ್ರೆಸ್ಸಿನ ಹಿಂದಿನ ಬೀದಿಗೆ ಹೋದಳು. ಸುಮ್ಮನೆ ದಾಟಿ ಹೋಗೋದು, ಅಷ್ಟೇ...

ಬಾಗಿಲು ತೆರೆದಿತ್ತು. ಒಳಗೆ ಒಂದು ಹೊಸ ಜೋಡಿ ಟೇಪು ಹಿಡಿದು ಕಿಟಕಿಯ ಅಳತೆ ತೆಗೆಯುತ್ತಿತ್ತು. ಪಕ್ಕದಲ್ಲೇ, ಗೋಡೆಗೆ ಅಂಗೈ ಇಟ್ಟುಕೊಂಡು ಅವನು.

"ನಿಜ ಹೇಳಿ, ಮನೆ ಹೇಗಿದೆ?" ಅಂತ ಆ ಗಂಡ ಕೇಳಿದ್ದು ಬೀದಿಗೆ ಕೇಳಿಸಿತು.

"ಒಳ್ಳೇ ಮನೆ. ಎಲ್ಲೂ ದೋಷ ಇಲ್ಲ," ಅಂದ ಅಪಶಕುನ.

ಅವಳು ತಿರುಗಿ ಬಿರಬಿರನೆ ನಡೆದಳು. ಅವನು ಅವಳನ್ನು ನೋಡಿದ್ದ. ಒಳಗಿನವರಿಗೆ ಮತ್ತೇನೋ ಹೇಳಿ ಮುಗಿಸಿ, ಬೀದಿಯ ತಿರುವಿನಲ್ಲಿ ಓಡಿ ಬಂದು ಹಿಡಿದ. ಮಳೆ ಹನಿಯುತ್ತಿತ್ತು. ಅವನ ಬಳಿ ಕೊಡೆಯಿರಲಿಲ್ಲ. ಅವಳು ತನ್ನದನ್ನು ಚಾಚಲೂ ಇಲ್ಲ.

ಅವರು ಬೆಳಗ್ಗೆಯಷ್ಟೇ ಕರೆದದ್ದು, ಯಾವ ಮನೆ ಅಂತ ಇಲ್ಲಿಗೆ ಬರುವವರೆಗೆ ತನಗೂ ಗೊತ್ತಿರಲಿಲ್ಲ ಅಂತ ಅವನು ಏದುಸಿರಿನಲ್ಲೇ ಹೇಳಿದ.

"ಒಂದು ಸುಳ್ಳು," ಅಂದಳು ಅವಳು. "ಒಂದೇ ಒಂದು. ಸೋರುತ್ತೆ ಅಂದಿದ್ರೆ ಸಾಕಿತ್ತು. ಎದ್ದು ಹೋಗ್ತಿದ್ರು."

"ಸೋರಲ್ಲವಲ್ಲ."

"ನನಗೋಸ್ಕರ ಹೇಳೋಕಾಗ್ಲಿಲ್ವಾ?"

ಅವನು ಮುಖ ಒರೆಸಿಕೊಂಡ. "ಇವತ್ತು ನಿಮಗೋಸ್ಕರ ಅವರಿಗೆ ಸುಳ್ಳು ಹೇಳಿದ್ರೆ, ನಿಮಗೆ ನಾನು ಹೇಳಿದ್ದು ನಿಜ ಅಂತ ನೀವು ಹೇಗೆ ನಂಬ್ತೀರಿ?"

ಮಾತು ಸರಿಯಿತ್ತು. ಸರಿಯಿದ್ದದ್ದಕ್ಕೇ ಅವಳಿಗೆ ಇನ್ನೂ ಸಿಟ್ಟು ಬಂತು.

"ನಿಮ್ಮ ಸತ್ಯ ನೀವೇ ಇಟ್ಕೊಳ್ಳಿ. ಅದನ್ನ ಹಿಡ್ಕೊಂಡು ನಮ್ಮಮ್ಮ ಮೆಟ್ಟಿಲು ಇಳಿಯೋಕಾಗಲ್ಲ."

"ಒಂದು ನಿಮಿಷ ಕೇಳಿ. ಅವರಿಗೆ ಇನ್ನೊಂದು ಮಾತೂ ಹೇಳಿದ್ದೀನಿ..."

ಅವಳು ಕೇಳಲಿಲ್ಲ. ಅವನನ್ನು ಮಳೆಯಲ್ಲೇ ಬಿಟ್ಟು ಹೋದಳು. ಬಸ್ಸಿನಲ್ಲಿ ಕೂತು, ಕಿಟಕಿ ಗಾಜಿಗೆ ಹಣೆ ಒತ್ತಿ ಅತ್ತಳು. ಕಂಡಕ್ಟರ್ ಟಿಕೆಟ್ ಕೇಳದೆ ಎರಡು ಸಲ ದಾಟಿ ಹೋದ.

*

ಮನೆಗೆ ಬಂದರೆ ಅಮ್ಮ ನೆಲದ ಮೇಲಿದ್ದಳು. ಕಿಟಕಿಯಿಂದ ಎದ್ದು ಅಡುಗೆಮನೆಗೆ ಹೋಗುವಾಗ ಕಾಲು ಮಡಚಿಕೊಂಡಿತ್ತಂತೆ. ಏಟಾಗಿರಲಿಲ್ಲ. ಆದರೆ ಎರಡು ಗಂಟೆಯಿಂದ ಏಳಲಾಗದೆ ಅಲ್ಲೇ ಕೂತು, ಕೈಗೆಟುಕಿದ ಬುಟ್ಟಿಯ ಈರುಳ್ಳಿ ಸುಲಿದಿಟ್ಟಿದ್ದಳು.

"ಸುಮ್ನೆ ಕೂತಿದ್ದೆ, ಕೆಲಸ ಆದ್ರೂ ಆಗಲಿ ಅಂತ," ಅಂದಳು.

ಅವಳು ಅಮ್ಮನನ್ನು ಎಬ್ಬಿಸಿದಳು. ಆ ಕ್ಷಣಕ್ಕೆ ಅವಳೊಳಗಿನ ತಣ್ಣಗಿಡುವ ಆಟವೆಲ್ಲ ಮುರಿದುಬಿತ್ತು. ಇನ್ನೂ ನಾಲ್ಕು ದಿನ ಬಾಯಿ ಹೊಲಿದುಕೊಂಡು ಕೂರಬೇಕಾ? ಆ ಜೋಡಿ ಕೊಂಡೇಬಿಟ್ಟರೆ? ಬೇಕಾದದ್ದನ್ನು ಬೇಕು ಅನ್ನದೆ ಮುಖ ತಿರುಗಿಸಿ ನಿಲ್ಲುವ ಈ ದರಿದ್ರ ವ್ಯಾಪಾರವನ್ನು ಕಂಡುಹಿಡಿದವರು ಯಾರು?

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಈಜು ಟೀಚರ ಬಾಗಿಲು ತಟ್ಟಿದಳು. ಸಕ್ಕರೆ ಇಲ್ಲ, ಯಾರೂ ಇಲ್ಲ. ಸೀರೆಯ ಅಂಚು ಮೊಣಕಾಲವರೆಗೆ ತೊಯ್ದಿತ್ತು.

ಅಮ್ಮನ ವಿಷಯ ಪೂರ್ತಿ ಹೇಳಿದಳು. ಹನ್ನೆರಡು ದಿನದಿಂದ ಸುಮ್ಮನಿದ್ದದ್ದು ಬೆಲೆ ಇಳಿಸುವುದಕ್ಕೆ ಅಂತಲೂ ಹೇಳಿದಳು. ತನ್ನಿಂದ ಆಗುವುದು ಇಷ್ಟು, ಇದಕ್ಕಿಂತ ಹೆಚ್ಚು ಖಂಡಿತ ಆಗುವುದಿಲ್ಲ, ಆದರೆ ಬ್ಯಾಂಕಿನ ಕಾಗದವೆಲ್ಲ ಕೈಯಲ್ಲೇ ಇದೆ, ನಾಳೆ ಕ್ರಯಪತ್ರ ಬರೆ ಅಂದರೆ ನಾಳೆಯೇ ಬರೆಯುತ್ತೇನೆ ಅಂದಳು.

"ಇದು ಕಡಿಮೆ," ಅಂದರು ಟೀಚರ್.

"ಹೌದು. ಕಡಿಮೆ."

ಟೀಚರ್ ಅಂಗಳದ ಕಡೆ ನೋಡುತ್ತ ಹೇಳತೊಡಗಿದರು. ನಿನ್ನೆಯ ಜೋಡಿಗೆ ಮನೆ ಇಷ್ಟವಾಗಿದೆಯಂತೆ. ಆದರೆ ಅವರ ಹಳೆಯ ಫ್ಲ್ಯಾಟು ಮೊದಲು ಮಾರಾಟವಾಗಬೇಕಂತೆ. ಅದು ಆಗುವುದು ಬೇಸಿಗೆಗೆ. ಅಲ್ಲಿಯವರೆಗೆ ಈ ಮನೆ ಬೀಗ ಹಾಕಿಕೊಂಡು ಬೂಷ್ಟು ಹಿಡಿಯಬೇಕು, ತಾವು ಹೊಸ ಊರಿನಲ್ಲಿ ಬಾಡಿಗೆ ಕಟ್ಟಬೇಕು.

"ನನಗೆ ಬೇಸಿಗೆವರೆಗೆ ಕಾಯೋ ಗಿರಾಕಿ ಬೇಡಮ್ಮ. ಇವತ್ತು ಬಂದಿರೋಳು ಸಾಕು," ಅಂದರು. "ತಗೋ."

ಅವಳಿಗೆ ಕೂಡಲೇ ಏನೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕಣ್ಣು ತುಂಬಿತು.

ಟೀಚರ್ ನೀರು ತಂದುಕೊಟ್ಟು, ಆ ಗೋಡೆ ತಟ್ಟುವವನು ನಿನಗೇನಾಗಬೇಕು ಅಂತ ಕೇಳಿದರು.

"ಏನೂ ಆಗಬೇಕಿಲ್ಲ," ಅಂದಳು.

"ಹೌದಾ? ನಿನ್ನೆ ಅವನು ಆ ಗಂಡ ಹೆಂಡತಿಗೆ ಫೀಸು ವಾಪಸ್ ಕೊಟ್ಟ. ನಾನು ಇಲ್ಲೇ ನಿಂತಿದ್ದೆ. ಏನಂದ ಗೊತ್ತಾ? 'ಮನೆ ಚೆನ್ನಾಗಿದೆ ಅಂದಿದ್ದೀನಿ, ಅದು ನಿಜ. ಆದ್ರೆ ನನ್ನ ಮಾತು ತಗೋಬೇಡಿ, ಬೇರೆ ಯಾರಿಗಾದ್ರೂ ತೋರಿಸಿ. ಈ ಮನೇಲಿ ಇನ್ನೊಬ್ರು ಇರಬೇಕು ಅಂತ ನನಗೆ ಆಸೆ ಇದೆ. ಆಸೆ ಇರೋನು ತೀರ್ಪು ಹೇಳಬಾರದು.' ಆ ಹುಡುಗಿ ನಕ್ಕುಬಿಟ್ಳು. ನನಗೆ ನಗು ಬರಲಿಲ್ಲ."

ಅವಳು ಲೋಟ ಕೆಳಗಿಟ್ಟಳು.

ಇನ್ನೊಂದು ಮಾತೂ ಹೇಳಿದ್ದೀನಿ ಅಂದಿದ್ದನಲ್ಲ... ಒಂದು ನಿಮಿಷ ಕೇಳಿ ಅಂದಿದ್ದನಲ್ಲ... ನೆನೆಯುತ್ತ ನಿಂತಿದ್ದನಲ್ಲ!

*

ಆ ತಿಂಗಳಲ್ಲಿ ನೋಂದಣಿ ಕಚೇರಿಯ ಬೆಂಚುಗಳು ಖಾಲಿ ಹೊಡೆಯುತ್ತಿದ್ದವು. ಬೇಸಿಗೆಯಲ್ಲಿ ವಾರಗಟ್ಟಲೆ ಅಲೆಸುವ ಗುಮಾಸ್ತ, ಬನ್ನಿ ಬನ್ನಿ ಅಂತ ಕರೆದು ಒಂದೇ ಬೆಳಗ್ಗೆ ಕೆಲಸ ಮುಗಿಸಿದ. ಸಕ್ಕರೆ ತನ್ನ ಕಮಿಷನ್ ತೆಗೆದುಕೊಂಡು, ಇದೆಲ್ಲ ತನ್ನದೇ ಪ್ಲ್ಯಾನು ಅಂತ ಊರೆಲ್ಲ ಹೇಳಿಕೊಂಡು ಬಂದ. ಸಾಮಾನು ಸಾಗಿಸುವ ಲಾರಿಯವನು ಯಾವ ದಿನ ಬೇಕು, ಎಷ್ಟು ಗಂಟೆಗೆ ಬೇಕು ಅಂತ ಅವಳನ್ನೇ ಕೇಳಿದ.

ಆದರೆ ಅಪಶಕುನ ಫೋನಿಗೆ ಸಿಗಲಿಲ್ಲ. ಮೂರು ಸಲ ಮಾಡಿದಳು. ಸಿಗಲಿ ಯಾಕೆ? ಮಳೆಯಲ್ಲಿ ಬಿಟ್ಟು ಬಂದವಳ ಫೋನು.

ಶನಿವಾರ ಒಂದು ಮೆಸೇಜು ಕಳಿಸಿದಳು. ಹತ್ತು ಸಲ ಬರೆದು ಅಳಿಸಿ, ಕೊನೆಗೆ ಮನೆಯ ವಿಳಾಸದ ಕೆಳಗೆ ಉಳಿದದ್ದು ಇಷ್ಟೇ: 'ನಾಳೆ ಬೆಳಗ್ಗೆ ಹತ್ತಕ್ಕೆ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಬೇಕು. ಕುರ್ಚಿಯ ಒಂದು ಕಡೆ ನಾನಿದ್ದೇನೆ.'

ಉತ್ತರ ಬರಲಿಲ್ಲ.

ಭಾನುವಾರ ಹತ್ತು ಗಂಟೆ. ಹತ್ತೂ ಕಾಲು. ಲಾರಿಯವರು ಸಾಮಾನು ತುಂಬಿ ಮುಗಿಸಿದ್ದರು. ಖಾಲಿ ಹಾಲಿನ ನಡುವೆ ಅಮ್ಮ ಮರದ ಕುರ್ಚಿಯಲ್ಲಿ, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಹೊಸ ಸೀರೆಯುಟ್ಟು ಕೂತಿದ್ದಳು. ಮಗಳು ಬಾಗಿಲಿಗೂ ಕಿಟಕಿಗೂ ಅಲೆದಾಡುತ್ತಿದ್ದಳು.

ಮೆಟ್ಟಿಲಲ್ಲಿ ಹೆಜ್ಜೆ ಸದ್ದು.

ಬಾಗಿಲಲ್ಲಿ ಅವನು. ಮಳೆಯಲ್ಲಿ ನೆನೆದ ಆ ದಿನವೇ ಫೋನಿಗೆ ನೀರು ಹೊಕ್ಕು ಹಾಳಾಗಿತ್ತಂತೆ. ರಿಪೇರಿಯಾಗಿ ಕೈಗೆ ಬಂದದ್ದು ಈಗ, ಅರ್ಧ ಗಂಟೆ ಹಿಂದೆ. ಹೇಳುತ್ತಲೇ ಕುರ್ಚಿಯ ಕಾಲು ಅಲ್ಲಾಡಿಸಿ ಗಟ್ಟಿಯಾ ಅಂತ ನೋಡಿದ.

"ಇವರೇನಾ ಗೋಡೆಯವರು?" ಅಂತ ಅಮ್ಮ ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ. "ಬೀಳಿಸಬೇಡಿ ಅಷ್ಟೆ."

ಅವನು ಕೆಳಗಿನ ಕಡೆ, ಹಿಮ್ಮುಖವಾಗಿ. ಅವಳು ಮೇಲಿನ ಕಡೆ. ಒಂದೊಂದೇ ಮೆಟ್ಟಿಲು. ಮೂರನೇ ಮಹಡಿಯ ತಿರುವಿನಲ್ಲಿ ಇಳಿಸಿ ಉಸಿರು ತೆಗೆದುಕೊಂಡರು. ಎರಡನೇ ಮಹಡಿಯ ತಿರುವಿನಲ್ಲಿ ಮತ್ತೆ ಇಳಿಸಿದರು. ನಡುವೆ ಅಮ್ಮ.

"ಟೀಚರ್ ಎಲ್ಲ ಹೇಳಿದ್ರು," ಅಂದಳು ಅವಳು.

ಅವನು ಅಂಗೈ ಉಜ್ಜಿಕೊಂಡ. "ನಿಮಗೇ ಮೊದಲು ಹೇಳಬೇಕಿತ್ತು. ಗೋಡೆ ವಿಷಯ ಆದ್ರೆ ಥಟ್ಟಂತ ಹೇಳ್ತೀನಿ. ಇದು... ಬಾಯಿಗೆ ಬರಲಿಲ್ಲ."

"ಈಗ ಹೇಳಿ."

ಅವನು ಅಮ್ಮನ ಕಡೆ ನೋಡಿದ. ಅಮ್ಮ ಗೋಡೆಯ ಕಡೆ ನೋಡಿದಳು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

"ನೀವಿಲ್ಲದೆ ಹನ್ನೊಂದು ದಿನ ಎಷ್ಟೋ ಮನೆ ನೋಡಿದೆ," ಅಂದ. "ಯಾವುದರ ಬಗ್ಗೆ ಏನು ಹೇಳಿದೆ ಅಂತ ಒಂದೂ ನೆನಪಿಲ್ಲ. ನೀವು ಪಕ್ಕದಲ್ಲಿರಬೇಕು. ಕೆಲಸಕ್ಕಲ್ಲ. ಸುಮ್ನೆ... ಯಾವಾಗಲೂ."

ಅವಳು ತುಟಿ ಕಚ್ಚಿಕೊಂಡು ತಲೆಯಾಡಿಸಿದಳು. ಸರಿಯಾಗಿ ಕಾಣಲಿ ಅಂತ ಇನ್ನೊಮ್ಮೆ ಆಡಿಸಿದಳು.

"ಮುಗೀತಾ?" ಅಂದಳು ಅಮ್ಮ. "ಇನ್ನೂ ಎರಡು ಮಹಡಿ ಇದೆ. ನನ್ನ ಕಾಲು ಜೋಮು ಹಿಡೀತಿದೆ."

ಇಬ್ಬರೂ ಬಗ್ಗಿ ಕುರ್ಚಿ ಹಿಡಿದರು. ಅವನ ಮುಖ ಕೆಂಪಾಗಿತ್ತು. ಹಿಂದಿನ ಮೆಟ್ಟಿಲಿನ ಕಡೆ ಗಮನವೇ ಇರಲಿಲ್ಲ.

"ನಿಧಾನ," ಅಂದಳು ಅವಳು. "ಹಿಂದೆ ನೋಡ್ಕೊಂಡು ಇಳಿಯೋ ನೀನು."

ಅವನು ನಿಂತುಬಿಟ್ಟ. "ಏನಂದ್ರಿ?"

"ಕೇಳಿಸ್ಲಿಲ್ವಾ ನಿನಗೆ?"

"ಕೇಳಿಸ್ತು," ಅಂದ ಅವನು. "ಇನ್ನೊಂದು ಸಲ ಹೇಳು."